‘ನಾಟಕ’ ಅನ್ನೋ ಮೊದಲು: ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಕಳೆದ ತಿಂಗಳು ಒಬ್ಬ ಓದುಗರಿಗೆ ಡಿಸೋಸಿಯೇಟಿವ್ ತೊಂದರೆ ಅಂದರೇನು ಅಂತ ನಾಲ್ಕು ಸಾಲು ಬರೆದಿದ್ದೆ. ತಡೆದುಕೊಳ್ಳಲಾಗದ ಸಂಕಟ ಎದುರಾದಾಗ ನೆನಪು, ಅರಿವು, ಮೈಮೇಲಿನ ಹಿಡಿತ, ‘ಇದು ನಾನು’ ಅನ್ನುವ ಭಾವ ಇವು ಒಂದಕ್ಕೊಂದು ತಪ್ಪಿಹೋಗುವ ತೊಂದರೆ ಅದು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಂಥವರನ್ನು ನೋಡಿಕೊಳ್ಳುವವರಿಂದ ಬಂದಿವೆ. ನರ್ಸ್, ಟೀಚರ್, ಕೌನ್ಸೆಲರ್, ಒಬ್ಬರು ಚೌಡಿ ಬನದ ಪಾತ್ರಿ, ಅಂದರೆ ಆ ದೇವಿ ಮೈಮೇಲೆ ಬರುವವರು. ನನಗೆ ಖುಷಿಯಾಯ್ತು. ಮನೋರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದ ಮೇಲೆ ಈಗ ನಾನು ಮಾಡುತ್ತಿರುವುದೂ ಇಂಥವರಿಗೆ ತರಬೇತಿ ಕೊಡೋ ಕೆಲಸವೇ. ಹಾಗಾಗಿ ಈ ತಿಂಗಳ ಪುಟ ಪೂರ್ತಿ ಅವರಿಗೆ.

ಸಿಸ್ಟರ್, ನಮ್ಮ ಪಿಎಚ್‌ಸಿಗೆ 19 ವರ್ಷದ ಹುಡುಗಿಯೊಬ್ಬಳು ಪದೇ ಪದೇ ಫಿಟ್ಸ್ ಅಂತ ಬರುತ್ತಾಳೆ. ಮೆದುಳಿನ ವಿದ್ಯುತ್ ನೋಡುವ ಇಇಜಿ ಪರೀಕ್ಷೆ ನಾರ್ಮಲ್. ‘ಮದುವೆ ಬೇಡ ಅಂತ ನಾಟಕ’ ಅನ್ನುತ್ತಾರೆ ನಮ್ಮ ಸ್ಟಾಫೇ. ಅಮೋನಿಯಾ ಮೂಸಿಸಿದರೆ ಎದ್ದು ಕೂರುತ್ತಾಳೆ. ನಾಟಕ ಹೌದೋ ಅಲ್ಲವೋ ಹೇಗೆ ಗೊತ್ತಾಗೋದು?
*ನರ್ಸ್, ಹೊಸನಗರ ತಾಲೂಕು*

ಮೊದಲು ಆ ಅಮೋನಿಯಾ ಬಾಟಲಿ ಒಳಗಿಡಿ. ಅಂಥ ಘಾಟು ಮೂಗಿಗೆ ಹಿಡಿದರೆ ಯಾರಾದರೂ ತಲೆ ಕೊಡವುತ್ತಾರೆ. ಅದರಿಂದ ಏನೂ ಸಾಬೀತಾಗೋದಿಲ್ಲ. ಪ್ರಜ್ಞೆ ಎಷ್ಟಿದೆ ಅಂತ ನೋಡಲು ಡಾಕ್ಟರು ಒಮ್ಮೆ ಎದೆಮೂಳೆ ಒತ್ತಿ ನೋಡುವುದು ಬೇರೆ, ಶಿಕ್ಷೆಯ ಹಾಗೆ ಗೆಣ್ಣು ಊರಿ ಉಜ್ಜುವುದು ಬೇರೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಇದೇ ‘ಚಿಕಿತ್ಸೆ’ ನಡೆಯುತ್ತಿತ್ತು. ಹುಡುಗಿ ಎದ್ದು ಕೂತರೆ ಸುತ್ತ ನಿಂತವರು ನಗುತ್ತಿದ್ದರು. ಅವಳಿಗೆ ಅರ್ಥವಾಗುತ್ತಿದ್ದುದು ಒಂದೇ: ಇಲ್ಲಿ ಬಾಯಿ ಬಿಡಬಾರದು.

ಈಗ ನಿಮ್ಮ ಪ್ರಶ್ನೆ. ‘ನಿಜವೋ ನಾಟಕವೋ’ ಅಂತ ಕೇಳುವುದರಲ್ಲೇ ದಾರಿ ತಪ್ಪುತ್ತದೆ. ಡಿಸೋಸಿಯೇಟಿವ್ ಫಿಟ್ಸ್ ಅವಳು ಬೇಕಂತ ತರಿಸಿಕೊಳ್ಳುವುದಲ್ಲ. ಬರುವುದು ನಿಜ, ಬಿದ್ದರೆ ಪೆಟ್ಟಾಗುವುದೂ ನಿಜ. ಮೂರ್ಛೆರೋಗದಲ್ಲಿ ಆಗುವ ಮೆದುಳಿನ ವಿದ್ಯುತ್ ಏರುಪೇರು ಮಾತ್ರ ಇಲ್ಲಿ ಇರುವುದಿಲ್ಲ. ಹಾಗಾಗಿ ನೀವು ಕಲಿಯಬೇಕಾದ್ದು ಮೂರ್ಛೆರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ.

ಕಣ್ಣು ನೋಡಿ. ಮೂರ್ಛೆರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ. ಇದರಲ್ಲಿ ಹೆಚ್ಚಿನ ಸಲ ಬಿಗಿಯಾಗಿ ಮುಚ್ಚಿರುತ್ತದೆ, ತೆರೆಯಲು ಹೋದರೆ ಇನ್ನೂ ಬಿಗಿಯಾಗುತ್ತದೆ. ತಲೆ ಆ ಕಡೆ ಈ ಕಡೆ ಆಡುವುದು, ಅದುರುವುದು ನಿಂತು ಮತ್ತೆ ಶುರುವಾಗುವುದು, ಐದು ಹತ್ತು ನಿಮಿಷ ಮೀರಿ ಎಳೆಯುವುದು ಇದರ ಕಡೆಯ ಲಕ್ಷಣ. ನಾಲಿಗೆಯ ಪಕ್ಕ ಕಚ್ಚಿಕೊಳ್ಳುವುದು, ನಿದ್ದೆಯಲ್ಲಿ ಬರುವುದು, ಆಮೇಲೆ ಬಹಳ ಹೊತ್ತು ಮಂಕು ಬಡಿದಿರುವುದು ಮೂರ್ಛೆರೋಗದ ಕಡೆ. ಆದರೆ ಇದರಲ್ಲಿ ಯಾವುದೋ ಒಂದನ್ನು ಹಿಡಿದುಕೊಂಡು ತೀರ್ಪು ಕೊಡಬೇಡಿ. ಒಂದು ಸಲದ ಇಇಜಿ ನಾರ್ಮಲ್ ಬಂದರೂ ಮೂರ್ಛೆರೋಗ ಇಲ್ಲ ಅಂತ ಹೇಳಲಾಗದು. ಕೆಲವರಿಗೆ ಎರಡೂ ಇರುತ್ತದೆ. ಫಿಟ್ಸ್ ಬಂದ ಹೊತ್ತಿನಲ್ಲೇ ವಿಡಿಯೋ ಮತ್ತು ಇಇಜಿ ಒಟ್ಟಿಗೆ ದಾಖಲಾದರೆ ಅದು ಗಟ್ಟಿ ಪುರಾವೆ. ಆ ಸೌಲಭ್ಯ ದೊಡ್ಡ ಆಸ್ಪತ್ರೆಗಳಲ್ಲಿ ಮಾತ್ರ ಸಿಗುತ್ತದೆ. ನೀವು ಮಾಡಬಹುದಾದ್ದು ಏನೆಂದರೆ, ಮುಂದಿನ ಸಲ ಬಂದಾಗ ಮನೆಯವರ ಮೊಬೈಲಲ್ಲೇ ಒಂದು ವಿಡಿಯೋ ತೆಗೆದಿಡಲು ಹೇಳುವುದು. ಅವಳ ಒಪ್ಪಿಗೆ ಮೊದಲೇ ಕೇಳಿರಬೇಕು, ಫ್ಯಾಮಿಲಿ ಗ್ರೂಪಿಗೆ ಹಾಕಬಾರದು. ಈಗಾಗಲೇ ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ನಿಲ್ಲಿಸುವಂತಿಲ್ಲ.

ಬಂದ ಹೊತ್ತಿನಲ್ಲಿ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿಕೊಳ್ಳಿ, ಶುಗರ್ ಚೆಕ್ ಮಾಡಿ. ಬಾಯಿಗೆ ಚಮಚ, ಕೈಗೆ ಬೀಗದ ಕೈ ಯಾವುದೂ ಬೇಡ. ಐದು ನಿಮಿಷ ಮೀರಿತು, ಮೂರ್ಛೆರೋಗ ಅಲ್ಲ ಅಂತ ಖಾತ್ರಿ ಇಲ್ಲ ಅನ್ನುವುದಾದರೆ ಎಮರ್ಜೆನ್ಸಿ ಅಂತಲೇ ನೋಡಿ. ನೆಂಟರ ಗುಂಪನ್ನು ಹೊರಗೆ ಕಳಿಸಿ. ಮೆತ್ತಗೆ ಹೇಳಿ: ‘ನೀನು ಆಸ್ಪತ್ರೆಲಿ ಇದೀಯ. ನಾನು ಸಿಸ್ಟರ್. ಇದು ಸ್ವಲ್ಪ ಹೊತ್ತಿಗೆ ನಿಲ್ಲುತ್ತೆ.’ ಅವಳಿಗೆ ಕೇಳಿಸುತ್ತಿರುತ್ತದೆ ಅಂತಲೇ ಇಟ್ಟುಕೊಂಡು ಮಾತಾಡಿ. ನೀವು ಸ್ಟಾಫ್ ಜೊತೆ ಆಡಿಕೊಳ್ಳುವ ಮಾತೂ ಕೇಳಿಸುತ್ತಿರಬಹುದು, ಅಲ್ವಾ?

ಎಲ್ಲ ಮುಗಿದ ಮೇಲೆ ಅಮ್ಮನನ್ನು ಚೀಟಿ ಮಾಡಿಸಲು ಕಳಿಸಿ. ಆ ಐದು ನಿಮಿಷ ಬಹಳ ಬೆಲೆಯದ್ದು. ‘ಬರುವ ಮುಂಚೆ ಏನಾಗುತ್ತೆ?’, ‘ಮಧ್ಯೆ ಮಧ್ಯೆ ಹೊತ್ತು ಹೋಗಿದ್ದೇ ಗೊತ್ತಾಗಲ್ವಾ?’, ‘ಮನೇಲಿ, ಹೊರಗೆ ಯಾರದ್ದಾದರೂ ಹೆದರಿಕೆ ಇದೆಯಾ?’ ಮೂರೇ ಪ್ರಶ್ನೆ ಸಾಕು. ಉತ್ತರ ಬರಲಿಲ್ಲವೋ, ‘ಯಾವಾಗ ಬೇಕಾದರೂ ಹೇಳಬಹುದು’ ಅಂದು ಬಿಡಿ. ಅವಳಿಗೆ ಮದುವೆ ಬೇಡ ಅನ್ನುವುದು ನಿಜವೇ ಇರಬಹುದು. ಹಾಗಿದ್ದರೆ ಬಾಯಿಬಿಟ್ಟು ‘ಬೇಡ’ ಅನ್ನಲು ಅವಳಿಗೆ ಯಾಕೆ ಆಗುತ್ತಿಲ್ಲ ಅಂತ ಯಾರಾದರೂ ಯೋಚಿಸಬೇಕಲ್ಲ.

ನಾನು ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಮಾಡಿ ಶಿವಮೊಗ್ಗದಲ್ಲಿ ಕೌನ್ಸೆಲಿಂಗ್ ಮಾಡುತ್ತೇನೆ. ನನ್ನ ಬಳಿ ಬರುವ ಒಬ್ಬ ಮಹಿಳೆ ಕೆಲವೊಮ್ಮೆ ಮಗುವಿನ ದನಿಯಲ್ಲಿ ಮಾತಾಡುತ್ತಾರೆ, ಆಮೇಲೆ ನೆನಪಿಲ್ಲ ಅನ್ನುತ್ತಾರೆ. ಹಿಪ್ನಾಸಿಸ್ ಕಲಿತು ಹಳೆಯದನ್ನು ಹೊರತೆಗೆದರೆ ವಾಸಿಯಾಗುತ್ತದೆಯೇ? ಇದಕ್ಕೆ ಟೆಸ್ಟ್ ಏನಾದರೂ ಇದೆಯೇ?
*ಕೌನ್ಸೆಲರ್, ಶಿವಮೊಗ್ಗ*

ಹೊರತೆಗೆಯಬೇಡಿ. ಇಷ್ಟು ಒರಟಾಗಿ ಹೇಳುತ್ತಿರುವುದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಈ ಕ್ಷೇತ್ರದಲ್ಲಿ ಗೊತ್ತಿಲ್ಲದೆ ಆಗುವ ಹಾನಿಗಿಂತ ಉತ್ಸಾಹದಿಂದ ಆಗುವ ಹಾನಿ ಜಾಸ್ತಿ. ಹಿಪ್ನಾಸಿಸ್‌ನಲ್ಲೋ ಒತ್ತಾಯದ ಪ್ರಶ್ನೆಗಳಲ್ಲೋ ‘ನೆನಪಾಗುವ’ ಸಂಗತಿಗಳಲ್ಲಿ ನಡೆದದ್ದು ಎಷ್ಟು, ನಾವು ಸೂಚಿಸಿದ್ದು ಎಷ್ಟು ಅಂತ ಬೇರ್ಪಡಿಸಲು ಆಗುವುದಿಲ್ಲ. ‘ನಿಮ್ಮ ಚಿಕ್ಕಪ್ಪ ಏನಾದರೂ ಮಾಡಿದ್ದರಾ?’ ಅಂತ ನೀವು ಕೇಳಿದರೆ ಆ ಚಿಕ್ಕಪ್ಪನನ್ನು ಒಳಗೆ ತಂದವರು ನೀವು. ‘ಆಗ ಏನಾಯ್ತು?’ ಅಂತ ಕೇಳಿದರೆ ಅವರ ಮಾತು ಅವರದ್ದಾಗಿಯೇ ಇರುತ್ತದೆ.

ಅವರಿಗೆ ಬಹು ವ್ಯಕ್ತಿತ್ವದ ತೊಂದರೆ, ಅಂದರೆ ಡಿಐಡಿ, ಇರಬಹುದು. ಇಲ್ಲದೆಯೂ ಇರಬಹುದು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಹೆಚ್ಚು ಕಾಣುವುದು ಮೇಲೆ ಹೇಳಿದ ಫಿಟ್ಸ್ ಥರದ್ದು ಮತ್ತು ಮೈಮೇಲೆ ಬರುವುದು. ಡಿಐಡಿ ಅಂತ ಬರೆದುಕೊಂಡ ಕೇಸುಗಳು ಕಡಿಮೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಇವೆಲ್ಲಕ್ಕೂ ಬೇರೆ ಬೇರೆ ಜಾಗ ಇದೆ. ಪೂರ್ತಿ ಡಿಐಡಿ ಅಲ್ಲದೆ ಭಾಗಶಃ ಡಿಐಡಿ ಅಂತಲೂ ಒಂದಿದೆ. ತರಬೇತಿಯಲ್ಲಿ ನಾನು ಒತ್ತಿ ಹೇಳುವ ಇನ್ನೊಂದು ವಿಷಯ: ಇಂಥವರಿಗೆ ತಲೆಯೊಳಗೆ ದನಿ ಕೇಳಿಸಬಹುದು. ದನಿ ಅಂದ ತಕ್ಷಣ ಸ್ಕಿಜೋಫ್ರೇನಿಯಾ ಅಂತ ಬರೆದು ವರ್ಷಗಟ್ಟಲೆ ಅದರ ಮಾತ್ರೆ ನುಂಗಿಸಿದ ಉದಾಹರಣೆಗಳಿವೆ. ಹಾಗಂತ ದನಿ ಕೇಳುವವರೆಲ್ಲ ಡಿಸೋಸಿಯೇಟಿವ್ ಅಂತಲೂ ಅಲ್ಲ. ಅದನ್ನು ಬೇರ್ಪಡಿಸುವುದು ಮನೋವೈದ್ಯರ ಕೆಲಸ.

ಟೆಸ್ಟ್ ಇದೆ. 1986ರಲ್ಲಿ ಬರ್ನ್‌ಸ್ಟೀನ್ ಮತ್ತು ಪುಟ್ನಮ್ ಮಾಡಿದ ಡಿಇಎಸ್ ಅನ್ನುವ 28 ಪ್ರಶ್ನೆಗಳ ಪಟ್ಟಿ. ‘ಬಸ್ಸಿನಲ್ಲಿ ಹೋಗುವಾಗ ದಾರಿಯ ಒಂದಷ್ಟು ಭಾಗ ನೆನಪೇ ಇಲ್ಲ’ ಅನ್ನುವಂಥದ್ದರಿಂದ ಶುರುವಾಗಿ, ‘ನಾನು ಕೊಂಡ ನೆನಪಿಲ್ಲದ ವಸ್ತು ನನ್ನ ಬಳಿ ಇದೆ’ ಅನ್ನುವವರೆಗೆ ಇರುತ್ತದೆ. ಮೊದಲನೆಯದು ತೀರ್ಥಹಳ್ಳಿಯಿಂದ ಆಗುಂಬೆಗೆ ದಿನಾ ಓಡಾಡುವ ಯಾರಿಗಾದರೂ ಆಗುತ್ತದೆ, ಅದು ರೋಗ ಅಲ್ಲ. ಸರಾಸರಿ ಅಂಕ ನೂರಕ್ಕೆ 30 ದಾಟಿದರೆ ಇನ್ನೂ ವಿವರವಾಗಿ ನೋಡಬೇಕು ಅಂತ ಅರ್ಥ. ಡಿಐಡಿ ಇದೆ ಅಂತ ಅರ್ಥ ಅಲ್ಲ. ವಿವರವಾಗಿ ನೋಡಲು ಎಸ್‌ಸಿಐಡಿ-ಡಿ ಅನ್ನುವ ಸಂದರ್ಶನ ವಿಧಾನ ಇದೆ, ಅದಕ್ಕೆ ತರಬೇತಿ ಪಡೆದವರೇ ಬೇಕು.

ಚಿಕಿತ್ಸೆಯನ್ನು ಮೂರು ಹಂತದಲ್ಲಿ ಮಾಡುತ್ತಾರೆ. ಈ ಯೋಚನೆ ಹಳೆಯದು, ಫ್ರಾನ್ಸಿನ ಪಿಯೇರ್ ಜಾನೆ 19ನೇ ಶತಮಾನದ ಕೊನೆಯಲ್ಲೇ ಇದರ ದಾರಿ ಹಾಕಿದ್ದರು. ಮೊದಲ ಹಂತದಲ್ಲಿ ಸುರಕ್ಷತೆ, ನಿದ್ದೆ, ಊಟ, ಮೈಮರೆತಾಗ ವಾಪಸ್ ಬರುವ ಅಭ್ಯಾಸ. ಹಳೆಯ ನೋವಿನ ಮಾತು ಎರಡನೆಯದು. ಬಿಟ್ಟುಹೋದದ್ದನ್ನು ಬದುಕಿಗೆ ಹೊಂದಿಸಿಕೊಳ್ಳುವುದು ಮೂರನೆಯದು. ನಿಮ್ಮ ಈಗಿನ ತರಬೇತಿಯಲ್ಲಿ ಮೊದಲ ಹಂತದ ಕೆಲಸ ಚೆನ್ನಾಗಿ ಮಾಡಬಹುದು. ಅದೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಎರಡನೆಯದಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಲ್ವಿಚಾರಣೆ ಇಲ್ಲದೆ ಕೈ ಹಾಕಬೇಡಿ. ಈ ತೊಂದರೆಗೇ ಅಂತ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ನಿದ್ದೆಗೇಡಿಗೆ ಇದೆ, ಹಾಗಾಗಿ ಮನೋವೈದ್ಯರೂ ಬೇಕು.

ಮಗುವಿನ ದನಿ ಬಂದಾಗ ಏನು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆ ದನಿಗೊಂದು ಹೆಸರಿಡಬೇಡಿ. ಚಾಕ್ಲೆಟ್ ಕೊಡಬೇಡಿ. ಬೈಯಲೂ ಬೇಡಿ. ಕುತೂಹಲ ಹತ್ತಿಕ್ಕಿಕೊಂಡು, ‘ಇಲ್ಲಿ ಯಾರೂ ಏನೂ ಮಾಡುವುದಿಲ್ಲ, ಇವತ್ತು ಇಂಥ ವಾರ, ನಾವು ಶಿವಮೊಗ್ಗದಲ್ಲಿ ಇದ್ದೇವೆ’ ಅಂತ ದೊಡ್ಡವರ ಜೊತೆ ಮಾತಾಡುವ ದನಿಯಲ್ಲೇ ಹೇಳಿ.

ಒಂಬತ್ತನೇ ಕ್ಲಾಸಿನ ಹುಡುಗಿ ಪಾಠದ ಮಧ್ಯೆ ಕಣ್ಣು ಬಿಟ್ಟುಕೊಂಡೇ ಎಲ್ಲೋ ಹೋಗಿಬಿಡುತ್ತಾಳೆ. ಕರೆದರೆ ಓಗೊಡುವುದಿಲ್ಲ. ತಲೆಗೆ ನೀರು ತಟ್ಟುತ್ತೇವೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಸೇರಿ ಕಾರಣ ಕೇಳಿದರೂ ಬಾಯಿ ಬಿಡಲಿಲ್ಲ.
*ಪ್ರೌಢಶಾಲೆ ಶಿಕ್ಷಕಿ, ತೀರ್ಥಹಳ್ಳಿ ತಾಲೂಕು*

ಟೀಚರ್, ಸ್ಟಾಫ್‌ರೂಮಿನಲ್ಲಿ ಎಲ್ಲರೂ ಸೇರಿ ಕೇಳಿದರೆ ನಾನೂ ಬಾಯಿ ಬಿಡುತ್ತಿರಲಿಲ್ಲ!

ಮೊದಲು ಡಾಕ್ಟರಿಗೆ ತೋರಿಸಬೇಕು. ಮಕ್ಕಳಲ್ಲಿ ಕೆಲವೇ ಸೆಕೆಂಡು ಹೀಗೆ ನಿಂತುಬಿಡುವ ಮೂರ್ಛೆರೋಗವೂ ಇದೆ, ಅದಕ್ಕೆ ಒಳ್ಳೆಯ ಮಾತ್ರೆಗಳಿವೆ. ನೀವು ಒಂದು ಪುಸ್ತಕದಲ್ಲಿ ಬರೆದಿಡಿ: ಎಷ್ಟು ಹೊತ್ತು, ಯಾವ ಪಿರಿಯಡ್, ಮುಂಚೆ ಏನು ನಡೆಯುತ್ತಿತ್ತು, ಯಾರು ಜೋರು ಮಾಡಿದರು, ಯಾವ ವಾಸನೆ ಬಂತು. ಹೌದು, ವಾಸನೆ. ಅಡಿಕೆ ಬೇಯಿಸುವ ಹೊತ್ತಿನಲ್ಲಿ ಚೊಗರಿನ ವಾಸನೆ ಬಂದರೆ ಸಾಕು, ಮೈಮರೆಯುವ ಹೆಂಗಸೊಬ್ಬರನ್ನು ನಾನು ಬಲ್ಲೆ. ಅವರಿಗೆ ಆದದ್ದು ಅಂಥದೇ ಒಂದು ಹಂಡೆಯ ಹತ್ತಿರ. ನಮಗೆಲ್ಲ ಅದು ಸುಗ್ಗಿಯ ವಾಸನೆ.

ವಾಪಸ್ ಕರೆತರಲು ನೀರು ಬೇಡ. ಎದುರು ಬಂದು, ಮುಟ್ಟದೆ, ಹೆಸರು ಹಿಡಿದು ಕರೆಯಿರಿ. ‘ಕಾಲು ನೆಲದ ಮೇಲೆ ಇದೆಯಾ ನೋಡು. ಬೆಂಚು ತಣ್ಣಗಿದೆಯಾ? ಕಿಟಕಿಯಿಂದ ಏನೇನು ಕಾಣುತ್ತೆ, ಮೂರು ಹೇಳು.’ ಕಣ್ಣು, ಕಿವಿ, ಚರ್ಮ ಇವುಗಳ ಮೂಲಕ ಈ ಕ್ಷಣಕ್ಕೆ ತರುವುದು ಅಷ್ಟೇ. ಮಳೆಯ ಸದ್ದು ಕೇಳಿಸಿಕೋ ಅನ್ನಬಹುದಾ? ಕೆಲವರಿಗೆ ಸಮಾಧಾನ, ಕೆಲವರಿಗೆ ಅದೇ ಹೆದರಿಕೆ. ಅವಳು ಚೆನ್ನಾಗಿರುವಾಗಲೇ ಕೇಳಿ ತಿಳಿದುಕೊಂಡಿರಿ.

ಅವಳು ನಂಬುವ ಒಬ್ಬ ಟೀಚರ್ ಮಾತ್ರ ಮಾತಾಡಲಿ. ತನ್ನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಅವಳು ಹೇಳಿದರೆ, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ವಿವರ ಕೆದಕುವುದು ನಿಮ್ಮ ಕೆಲಸ ಅಲ್ಲ. ಅವಳು ಹೇಳಿದಷ್ಟನ್ನು ಅವಳ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.

ಅಕ್ಕಾ, ನಮ್ಮ ಬನದಲ್ಲಿ ನಾನೇ ಪಾತ್ರಿ. ಚೌಡಿ ನನ್ನ ಮೈಮೇಲೆ ಬರುತ್ತಾಳೆ. ಇತ್ತೀಚೆಗೆ ದೂರದೂರದಿಂದ ಹೆಣ್ಣುಮಕ್ಕಳನ್ನು ‘ಗಾಳಿ ಸೋಕಿದೆ’ ಅಂತ ಕರೆತರುತ್ತಾರೆ. ಡಾಕ್ಟರ ಹತ್ರ ಹೋಗಿ ಅಂತ ಯಾವಾಗ ಹೇಳಬೇಕು? ನಿಮ್ಮ ಪ್ರಕಾರ ನನಗೂ ಕಾಯಿಲೆನಾ?
*ಪಾತ್ರಿ, ಸಾಗರ ತಾಲೂಕು*

ಅಣ್ಣಾ, ಇಷ್ಟು ನೇರವಾಗಿ ಕೇಳಿದ್ದಕ್ಕೆ ಥ್ಯಾಂಕ್ಸ್. ಇಲ್ಲ, ನಿಮ್ಮ ಪತ್ರದಲ್ಲಿ ಹೇಳಿರುವುದು ಕಾಯಿಲೆ ಅಲ್ಲ. ಇದು ನನ್ನ ಉದಾರತೆ ಅಂದುಕೊಳ್ಳಬೇಡಿ, ಐಸಿಡಿ-11ರಲ್ಲೇ ಹಾಗಿದೆ. ಒಂದು ಸಮುದಾಯ ಒಪ್ಪಿಕೊಂಡ ಆಚರಣೆಯ ಭಾಗವಾಗಿ ಮೈಮೇಲೆ ಬರುವುದನ್ನು ರೋಗ ಅಂತ ಲೆಕ್ಕ ಹಾಕುವುದಿಲ್ಲ. ನಿಮಗೆ ಹಬ್ಬದ ದಿನ, ವಾದ್ಯ ಬಾರಿಸಿದಾಗ, ಬನದಲ್ಲಿ ಬರುತ್ತದೆ. ಮಂಗಳಾರತಿ ಆದ ಮೇಲೆ ಹೋಗುತ್ತದೆ. ಮಾರನೇ ದಿನ ತೋಟಕ್ಕೆ ಹೋಗುತ್ತೀರಿ. ಯಾರಿಗೆ ಏನು ತೊಂದರೆ?

ಆ ಹೆಣ್ಣುಮಕ್ಕಳ ವಿಷಯ ಬೇರೆ. ಅವರಿಗೆ ಬೇಡದಾಗ ಬರುತ್ತದೆ. ಬಸ್ಸಿನಲ್ಲಿ, ಅಡಿಗೆ ಮನೆಯಲ್ಲಿ, ಮಗುವಿಗೆ ಹಾಲು ಕೊಡುವಾಗ. ಬಂದದ್ದು ನೆನಪಿರುವುದಿಲ್ಲ, ಗಾಯವಾಗುತ್ತದೆ, ಮನೆ ಕೆಲಸ, ಕೂಲಿ ಎಲ್ಲ ನಿಲ್ಲುತ್ತದೆ. ಅಂಥವರನ್ನು ಕಳಿಸಿಬಿಡಿ. ಊಟ ಬಿಟ್ಟವರು, ಸಾಯುವ ಮಾತಾಡುವವರು, ಜ್ವರ ಇರುವವರು, ಬಾಣಂತಿಯರು ಬಂದರೆ ಅದೇ ದಿನ ಕಳಿಸಿ. ಪೂಜೆ ಬೇಕಾದರೆ ಆಮೇಲೂ ಮಾಡಬಹುದು.

ಒಂದು ವಿನಂತಿ. ಗುಂಪಿನ ಮಧ್ಯೆ ನಿಲ್ಲಿಸಿ ‘ಯಾರು ನೀನು, ಎಲ್ಲಿಂದ ಬಂದೆ, ಹೇಳು’ ಅಂತ ಜೋರು ಮಾಡುವುದನ್ನು ನಿಲ್ಲಿಸಿ. ಆ ಹೊತ್ತಿನಲ್ಲಿ ಅವಳು ಯಾರದೋ ಹೆಸರು ಹೇಳಿದರೆ ಊರಲ್ಲಿ ಎರಡು ಮನೆ ಒಡೆಯುತ್ತದೆ. ಹೊಡೆಯುವುದು, ಕಟ್ಟಿಹಾಕುವುದಂತೂ ಅಪರಾಧ. 2017ರ ಕರ್ನಾಟಕ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರಿಂದ ಜಾರಿಯಲ್ಲಿದೆ. ನೀವು ಹಾಗೆ ಮಾಡುವುದಿಲ್ಲ ಅಂತ ಬರೆದಿದ್ದೀರಿ. ಮಾಡುವ ಬೇರೆಯವರಿಗೆ ನಿಮ್ಮ ಮಾತು ನನ್ನ ಮಾತಿಗಿಂತ ಬೇಗ ತಾಗುತ್ತದೆ.

‘ಆಸ್ಪತ್ರೆಗೆ ಹೋಗು’ ಅಂತ ನಾನಾಗಿ ಹೇಳಲೋ, ಮೈಮೇಲೆ ಬಂದ ಚೌಡಮ್ಮನ ಬಾಯಲ್ಲಿ ಹೇಳಿಸಲೋ ಅಂತಲೂ ಕೇಳಿದ್ದೀರಿ. ಅದು ನಿಮಗೂ ಚೌಡಮ್ಮನಿಗೂ ಬಿಟ್ಟಿದ್ದು. ನಾನು ಮಧ್ಯೆ ಬರುವುದಿಲ್ಲ.

ಇಂಥ ರೋಗಿಗಳು ಅಪಾಯಕಾರಿ ಅಲ್ಲವೇ? ಸಿನಿಮಾದಲ್ಲಿ ಕೊಲೆ ಮಾಡುತ್ತಾರಲ್ಲ?
*ಓದುಗ, ಸೊರಬ*

ಸಿನಿಮಾದಲ್ಲಿ ಮಾಡುತ್ತಾರೆ. ಹೊರಗೆ ಇವರಿಂದ ಬೇರೆಯವರಿಗಿಂತ ಇವರಿಗೇ ಅಪಾಯ ಜಾಸ್ತಿ. ಕೈ ಕೊಯ್ದುಕೊಳ್ಳುವುದು, ಆತ್ಮಹತ್ಯೆಗೆ ಪ್ರಯತ್ನಿಸುವುದು ಇವರಲ್ಲಿ ಹೆಚ್ಚು. ಅದಕ್ಕೇ ಆ ಪ್ರಶ್ನೆಯನ್ನು ನೇರವಾಗಿ ಕೇಳುವುದನ್ನು ಎಲ್ಲ ತರಬೇತಿಯಲ್ಲೂ ಹೇಳಿಕೊಡುತ್ತೇವೆ. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ಸುಳ್ಳು.

ನಾನು ಗಂಡಸು, 34 ವರ್ಷ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ನನ್ನ ಕೈ ನನ್ನದಲ್ಲ ಅನ್ನಿಸುತ್ತದೆ, ಮಂಜಿನೊಳಗೆ ನಿಂತು ಜನರನ್ನು ನೋಡಿದ ಹಾಗೆ. ಡಾಕ್ಟರಿಗೆ ಹೇಳಿದರೆ ‘ಬಿ12 ಕಡಿಮೆ ಇರಬೇಕು’ ಅಂದರು. ಇನ್ನೊಬ್ಬರು ‘ಮದುವೆ ಆಗಿ’ ಅಂದರು. ಈಗ ಗೊತ್ತಾಗಿ ಚಿಕಿತ್ಸೆ ತಗೊಳ್ಳುತ್ತಿದ್ದೇನೆ. ನಿಮ್ಮ ತರಬೇತಿಗೆ ನನ್ನಂಥವರನ್ನು ಕರೆಯುತ್ತೀರಾ?
*ಓದುಗ, ಭದ್ರಾವತಿ*

ಕರೆಯುತ್ತೇನೆ. ನೀವು ಹೇಳಿದ್ದಕ್ಕೆ ಡಿಪರ್ಸನಲೈಸೇಶನ್ ಅನ್ನುತ್ತಾರೆ. ನಿದ್ದೆಗೆಟ್ಟಾಗ, ತುಂಬಾ ಹೆದರಿದಾಗ ಒಂದು ಗಳಿಗೆ ಹಾಗನ್ನಿಸುವುದು ಬಹಳ ಜನಕ್ಕೆ ಇದೆ. ಬಂದದ್ದು ಹೋಗದಿದ್ದರೆ, ಪದೇ ಪದೇ ಬಂದು ಕೆಲಸ ಕೆಡಿಸಿದರೆ ಆಗ ಅದು ತೊಂದರೆ. ರಕ್ತ ಪರೀಕ್ಷೆ ಮಾಡಿಸಿದ್ದು ತಪ್ಪೇನಲ್ಲ. ರಿಪೋರ್ಟ್ ನಾರ್ಮಲ್ ಬಂದ ಮೇಲೂ ಮುಂದಿನ ಪ್ರಶ್ನೆ ಕೇಳದಿರುವುದು ತಪ್ಪು. ಫಿಟ್ಸ್ ಬಂದು ಬೀಳುವವರನ್ನಾದರೂ ಯಾರೋ ಎತ್ತಿಕೊಂಡು ಬರುತ್ತಾರೆ. ನಿಮ್ಮಂಥವರು ದಿನಾ ಕೆಲಸಕ್ಕೆ ಹೋಗಿ ಬರುತ್ತಾ ಇರುತ್ತೀರಿ, ಯಾರಿಗೂ ಕಾಣುವುದಿಲ್ಲ. ಅದರಲ್ಲೂ ಗಂಡಸರಾದರೆ ಕೇಳುವವರೇ ಇಲ್ಲ.

ಬರುವುದಾದರೆ ನನ್ನ ಷರತ್ತುಗಳಿವೆ, ಅವು ನಮಗೆ, ನಿಮಗಲ್ಲ. ಬೇರೆ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ನಿಮಗೂ ಕೊಡಬೇಕು. ನಿಮ್ಮ ಬಾಲ್ಯದಲ್ಲಿ ಏನಾಯ್ತು ಅಂತ ಯಾರೂ ಕೇಳಬಾರದು. ಫೋಟೋ ಬೇಡ. ಮಧ್ಯದಲ್ಲಿ ಎದ್ದು ಹೋಗಬೇಕು ಅನ್ನಿಸಿದರೆ ಕಾರಣ ಹೇಳಬೇಕಿಲ್ಲ. ಮೊದಲ ಸಲ ಬಾಯಿಬಿಟ್ಟು ಹೇಳಿದಾಗ ಡಾಕ್ಟರು ಏನು ಅಂದಿದ್ದರೆ ಚೆನ್ನಾಗಿರುತ್ತಿತ್ತು, ಅದೊಂದನ್ನೇ ಹೇಳಿದರೂ ಸಾಕು. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿಯೇ ಒಪ್ಪಿಕೊಳ್ಳಿ.

ನಮ್ಮ ತಾಲೂಕಿನ ಆಶಾ, ನರ್ಸ್, ಸಮುದಾಯ ಆರೋಗ್ಯ ಅಧಿಕಾರಿ ಅಂದರೆ ಸಿಎಚ್‌ಒಗಳಿಗೆ ಈ ವಿಷಯದಲ್ಲಿ ಒಂದು ದಿನದ ತರಬೇತಿ ಇಡಬೇಕು ಅಂದುಕೊಂಡಿದ್ದೇವೆ. ಏನೇನು ಇರಬೇಕು?
*ವೈದ್ಯಾಧಿಕಾರಿ, ಮಲೆನಾಡಿನ ಒಂದು ತಾಲೂಕು*

ಸರ್, ಒಂದು ದಿನದಲ್ಲಿ ಫೈಲು, ಪೆನ್ನು, ಪಿಪಿಟಿ, ಊಟ ಇಷ್ಟು ಆಗುತ್ತದೆ. ಸಾಧ್ಯವಾದರೆ ಅದನ್ನೇ ಅರ್ಧರ್ಧ ದಿನ ಮಾಡಿ, ಕೆಲವು ತಿಂಗಳ ಅಂತರದಲ್ಲಿ ಇಡಿ. ಮಧ್ಯದ ತಿಂಗಳುಗಳಲ್ಲಿ ಅವರು ನೋಡಿದ ಕೇಸುಗಳನ್ನು ಹೆಸರಿಲ್ಲದೆ ತರಲಿ. ಪಾಠಕ್ಕಿಂತ ಅದರಲ್ಲೇ ಜಾಸ್ತಿ ಕಲಿಯುತ್ತಾರೆ.

ಇಡೀ ಪಟ್ಟಿ ಕಲಿಸಲು ಹೋಗಬೇಡಿ. ಆಶಾ ಕಾರ್ಯಕರ್ತೆಗೆ ಡಿಐಡಿ, ಭಾಗಶಃ ಡಿಐಡಿ ವ್ಯತ್ಯಾಸ ಯಾಕೆ? ಅವರಿಗೆ ಬೇಕಾದ್ದು ಹೇಗೆ ಕೇಳಬೇಕು, ಎಲ್ಲಿ ನಿಲ್ಲಿಸಬೇಕು, ಯಾರಿಗೆ ಕಳಿಸಬೇಕು. ಮೂರು ಮೂರು ಜನರನ್ನು ಎದುರುಬದುರು ಕೂರಿಸಿ ಆಡಿಸಿ. ಒಬ್ಬರು ಫಿಟ್ಸ್ ಬಂದ ಹುಡುಗಿ, ಇನ್ನೊಬ್ಬರು ನರ್ಸ್, ಮೂರನೆಯವರು ಬಾಯಿ ಮುಚ್ಚದ ಅತ್ತೆ. ಅತ್ತೆಯ ಪಾತ್ರಕ್ಕೆ ಎಲ್ಲರೂ ಕೈ ಎತ್ತುತ್ತಾರೆ. ಗುಟ್ಟು ಕಾಪಾಡುವುದನ್ನು ಬಿಡಿಸಿ ಹೇಳಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದು ರೋಗಿಯ ಹಕ್ಕು. ಸಣ್ಣ ಊರಲ್ಲಿ ಆಶಾ ಕಾರ್ಯಕರ್ತೆ ರೋಗಿಗೆ ನಾದಿನಿಯೋ ಪಕ್ಕದ ಮನೆಯವರೋ ಆಗಿರುತ್ತಾರೆ, ಇದೇ ಎಲ್ಲಕ್ಕಿಂತ ಕಷ್ಟದ ಪಾಠ.

ಕಳಿಸುವ ದಾರಿ ಮೊದಲೇ ಗಟ್ಟಿ ಮಾಡಿಕೊಳ್ಳಿ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್ಕಿನ ದಿನ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ನಂಬರ್, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಒಪಿಡಿ ಹೊತ್ತು ಇವನ್ನು ಒಂದೇ ಹಾಳೆಯಲ್ಲಿ ಬರೆದು ಪ್ರತಿ ಉಪಕೇಂದ್ರದ ಗೋಡೆಗೆ ಅಂಟಿಸಿ. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ 14416 ಇದೆ, 2022ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರಿಗೂ ನರ್ಸ್‌ಗಳಿಗೂ ಮುಂದೆ ಕಲಿಯಲು ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿಯ ಆನ್‌ಲೈನ್ ಕೋರ್ಸುಗಳಿವೆ, ವಿಚಾರಿಸಿ.

ಇನ್ನು ದಿನಾಂಕ. ಜೂನ್‌ನಿಂದ ಆಗಸ್ಟ್ ಬೇಡ, ಹಳ್ಳ ದಾಟಿ ಬರುವವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ಅಡಿಕೆಯ ಕೊನೆಕೊಯ್ಲು ಶುರುವಾದರೆ ಸುಲಿಯುವುದು ಬಿಟ್ಟು ಯಾರೂ ಬರುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಒಂದು, ಕೊಯ್ಲು ಮುಗಿದ ಮೇಲೆ ಫೆಬ್ರವರಿಯಲ್ಲಿ ಇನ್ನೊಂದು ಇಡಿ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿ ಎರಡಕ್ಕೆ ಬಿಟ್ಟುಬಿಡಿ, ಮೂರು ಗಂಟೆ ಬಸ್ಸು ತಪ್ಪಿದರೆ ಒಳಗಿನ ಊರುಗಳಿಗೆ ಮತ್ತೆ ಬಸ್ಸಿಲ್ಲ.